ದುಡಿಮೆಯ ನಡುವೆ ಪ್ರಾರ್ಥನೆ

ಕ್ರೈಸ್ತ ಜೀವನದಲ್ಲಿ ಪ್ರಾರ್ಥನೆಯ ಸ್ಥಾನವೇನೆಂದು ಕೇಳಿದರೆ ಯಾವ ಪಾದ್ರಿಯಾದರೂ ಅದು ದೇಹಕ್ಕೆ ಉಸಿರಿದ್ದಂತೆ ಎಂದಾರು. ಉತ್ತರ ಸರಿಯಾದುದೇ. ಆದರೆ ಇತಿಹಾಸದ ವಿದ್ಯಾರ್ಥಿಯಾದ ನನಗೆ ಆ ಉತ್ತರದ ಹಿಂದಿರುವ ಒಂದು ಹಳೆಯ ಜಗಳದಲ್ಲಿ ಹೆಚ್ಚು ಆಸಕ್ತಿ. ಉಸಿರಾಡುತ್ತಲೇ ಹೊಲ ಉಳಬಹುದು, ಬುಟ್ಟಿ ಹೆಣೆಯಬಹುದು. ಪ್ರಾರ್ಥಿಸುತ್ತಲೇ ಇವನ್ನೆಲ್ಲ ಮಾಡಲು ಸಾಧ್ಯವೆ? ಸಾಧ್ಯವಿಲ್ಲವಾದರೆ ಪ್ರಾರ್ಥಿಸುವವರು ಯಾರು, ಅವರಿಗೆ ಅನ್ನ ದುಡಿದು ಹಾಕುವವರು ಯಾರು?

ಈ ಜಗಳದ ಬೀಜ ಬಿದ್ದದ್ದು ಮೊದಲನೆಯ ಶತಮಾನದಲ್ಲೇ. ಸುಮಾರು ಕ್ರಿ.ಶ. 50ರಲ್ಲಿ ಪೌಲನು ಥೆಸಲೋನಿಕದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಪ್ರಾರ್ಥನೆಯನ್ನು ಎಂದೂ ಬಿಡಕೂಡದೆಂದು ವಿಧಿಸಿದ. ಡೇರೆ ಮಾಡುವ ಕಸುಬಿನವನಾಗಿದ್ದ ಪೌಲ ಅದೇ ಪತ್ರದಲ್ಲಿ ತಮ್ಮ ತಮ್ಮ ಕೈಗಳಿಂದ ದುಡಿಯಬೇಕೆಂದೂ ಹೇಳಿದ್ದಾನೆ. ಅವನಿಗೆ ಈ ಎರಡು ಮಾತುಗಳಲ್ಲಿ ವಿರೋಧ ಕಾಣಲಿಲ್ಲ. ಮುನ್ನೂರು ವರ್ಷಗಳ ತರುವಾಯ ಕೆಲವರಿಗೆ ಕಂಡಿತು. ಸಿರಿಯಾ, ಏಷ್ಯಾ ಮೈನರ್ ಕಡೆಗಳಲ್ಲಿ ತಲೆಯೆತ್ತಿದ ಒಂದು ಪಂಥದವರು ಕೈಕೆಲಸವು ಪ್ರಾರ್ಥನೆಗೆ ಅಡ್ಡಿಯೆಂದು ಅದನ್ನು ತೊರೆದು ಭಿಕ್ಷೆಯಿಂದ ಬದುಕಿದರು. ಗ್ರೀಕ್ ಭಾಷೆಯಲ್ಲಿ ಅವರಿಗೆ ಯೂಖೈಟರು, ಎಂದರೆ ಪ್ರಾರ್ಥನೆಯವರು, ಎಂದೇ ಹೆಸರಾಯಿತು. 431ರ ಎಫೆಸಸ್ ಮಹಾಸಭೆ ಅವರನ್ನು ಖಂಡಿಸಿತು. ಆದರೆ ಮಹಾಸಭೆಯ ಖಂಡನೆಗಿಂತ ಒಬ್ಬ ಮುದುಕ ಕೊಟ್ಟ ಉತ್ತರವೇ ನನಗೆ ಹೆಚ್ಚು ಒಪ್ಪಿಗೆಯಾದದ್ದು.

ಈಜಿಪ್ಟಿನ ಮರುಭೂಮಿಯ ತಪಸ್ವಿಗಳ ಮಾತುಗಳನ್ನು ಕೂಡಿಸಿಟ್ಟ ಹಳೆಯ ಸಂಗ್ರಹಗಳಲ್ಲಿ ಈ ಪ್ರಸಂಗವಿದೆ. ಅಲೆಕ್ಸಾಂಡ್ರಿಯದ ಹತ್ತಿರ ಲೂಸಿಯಸ್ ಎಂಬ ಹಿರಿಯನಿದ್ದ. ಯೂಖೈಟರು ಕೆಲವರು ಅವನನ್ನು ಕಾಣಲು ಬಂದು, ತಾವು ಕೆಲಸವನ್ನು ಮುಟ್ಟುವುದಿಲ್ಲ, ಎಡೆಬಿಡದೆ ಪ್ರಾರ್ಥಿಸುತ್ತೇವೆ ಎಂದರು. ನೀವು ಊಟ ಮಾಡುವುದಿಲ್ಲವೆ ಎಂದು ಮುದುಕ ಕೇಳಿದ. ಮಾಡುತ್ತೇವೆ ಎಂದರು. ಹಾಗಾದರೆ ಊಟದ ವೇಳೆಯಲ್ಲಿ ನಿಮಗಾಗಿ ಪ್ರಾರ್ಥಿಸುವವರು ಯಾರು? ನಿದ್ದೆಯ ವೇಳೆಯಲ್ಲಿ? ಬಂದವರು ನಿರುತ್ತರರಾದರು. ಆಗ ಲೂಸಿಯಸ್ ತನ್ನ ರೀತಿಯನ್ನು ತಿಳಿಸಿದ. ನೀರಿನಲ್ಲಿ ನೆನೆಸಿದ ಗರಿಗಳನ್ನು ಹಗ್ಗವಾಗಿ ಹೊಸೆಯುತ್ತ, ದೇವರ ದಯೆಯನ್ನು ಬೇಡುವ ಒಂದು ಕೀರ್ತನೆಯನ್ನು ಅವನು ಬಾಯಲ್ಲಿ ನುಡಿಯುತ್ತಿರುತ್ತಾನೆ. ದಿನದ ದುಡಿಮೆಯಿಂದ ಹದಿನಾರು ನಾಣ್ಯಗಳು ಬರುತ್ತವೆ. ಎರಡನ್ನು ಬಾಗಿಲ ಹೊರಗೆ ಇಟ್ಟುಬಿಡುತ್ತಾನೆ, ಉಳಿದುದರಿಂದ ಊಟ. ಆ ಎರಡು ನಾಣ್ಯಗಳನ್ನು ಒಯ್ದವನು, ಲೂಸಿಯಸ್ ಉಣ್ಣುವಾಗಲೂ ಮಲಗಿರುವಾಗಲೂ ಅವನಿಗಾಗಿ ಪ್ರಾರ್ಥಿಸುತ್ತಾನೆ. ಪೌಲನ ವಿಧಿ ಹೀಗೆ ನೆರವೇರುತ್ತದೆ.

ಕನ್ನಡಿಗರಿಗೆ ಇದನ್ನು ಕೇಳಿದೊಡನೆ ಶರಣರ ಕಾಯಕ, ದಾಸೋಹಗಳ ನೆನಪಾಗುವುದು ಸಹಜ. ಆದರೂ ಎರಡನ್ನೂ ಒಂದೇ ಎನ್ನಲು ನಾನು ಹಿಂಜರಿಯುತ್ತೇನೆ. ಶರಣರಿಗೆ ಕಾಯಕವೇ ಪೂಜೆ. ಲೂಸಿಯಸ್‌ಗೆ ಹಗ್ಗ ಹಗ್ಗವೇ. ಅದು ಪ್ರಾರ್ಥನೆಯಲ್ಲ, ಪ್ರಾರ್ಥನೆಯ ಜೊತೆಗಾರ. ಅವನ ಲೆಕ್ಕದಲ್ಲಿ ನನ್ನನ್ನು ಸೆಳೆಯುವುದು ಇನ್ನೊಂದು ಅಂಶ: ಅವನ ಪ್ರಾರ್ಥನೆಯನ್ನು ಪೂರ್ಣಗೊಳಿಸುವವನು ಹೆಸರಿಲ್ಲದ ಒಬ್ಬ ಬಡವ.

ಈ ಮರುಭೂಮಿಯ ಪದ್ಧತಿಗೆ ಯೂರೋಪಿನಲ್ಲಿ ಗಟ್ಟಿಯಾದ ಚೌಕಟ್ಟು ಕಟ್ಟಿದವನು ಆರನೆಯ ಶತಮಾನದ ಸಂತ ಬೆನೆಡಿಕ್ಟ್. ಇಟಲಿಯ ಮೊಂಟೆ ಕಸೀನೊ ಬೆಟ್ಟದ ಮೇಲಿನ ತನ್ನ ಮಠಕ್ಕಾಗಿ ಅವನು ಬರೆದ 73 ಅಧ್ಯಾಯಗಳ ನಿಯಮಾವಳಿ ಹಗಲಿನಲ್ಲಿ ಏಳು ಸಲ, ರಾತ್ರಿಯಲ್ಲಿ ಒಂದು ಸಲ ಪ್ರಾರ್ಥನೆಗೆ ಕೂಡಬೇಕೆಂದು ಗೊತ್ತುಮಾಡಿತು. ಬೈಬಲಿನ 150 ಕೀರ್ತನೆಗಳೂ ವಾರಕ್ಕೊಮ್ಮೆ ಮುಗಿಯಬೇಕು. ಪ್ರಾಚೀನರು ಒಂದೇ ದಿನದಲ್ಲಿ ಮುಗಿಸುತ್ತಿದ್ದುದನ್ನು ಸೋಮಾರಿಗಳಾದ ನಾವು ವಾರಕ್ಕೆ ಹಂಚಿಕೊಂಡಿದ್ದೇವೆ ಎಂಬ ನಾಚಿಕೆಯೂ ಅವನಿಗಿತ್ತು. ಆದರೆ ಮನುಷ್ಯ ಕಠೋರನಲ್ಲ. ತಡವಾಗಿ ಎದ್ದವರು ಓಡಿಬಂದು ಸೇರಿಕೊಳ್ಳಲೆಂದು ಮೊದಲ ಕೀರ್ತನೆಯನ್ನು ನಿಧಾನವಾಗಿ ಹಾಡಬೇಕೆಂದಿದ್ದಾನೆ. ಮಂದಿರದಿಂದ ದೂರದಲ್ಲಿ ಕೆಲಸದಲ್ಲಿರುವವರು ವೇಳೆಯಾದಾಗ ಇದ್ದಲ್ಲೇ ಮೊಣಕಾಲೂರಿದರೆ ಸಾಕು. ಮಠದ ಉಪಕರಣಗಳನ್ನು ಬಲಿಪೀಠದ ಪಾತ್ರೆಗಳಂತೆ ಜೋಪಾನ ಮಾಡಬೇಕು. ಬೆನೆಡಿಕ್ಟರ ಹೆಸರಿನಲ್ಲಿ ಎಲ್ಲೆಡೆ ಉದ್ಧರಿಸುವ 'ಪ್ರಾರ್ಥಿಸು, ದುಡಿ' ಎಂಬ ಸೂತ್ರವಾಕ್ಯ ಮಾತ್ರ ಆ ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲ. ಅದು ಬಹಳ ಮುಂದಿನವರು ಕಟ್ಟಿದ್ದು.

ಕಟ್ಟಬೇಕಾಗಿ ಬಂದದ್ದಕ್ಕೆ ಕಾರಣವೂ ಇದೆ. ಸಮತೋಲ ಬಹುಕಾಲ ಉಳಿಯಲಿಲ್ಲ. 910ರಲ್ಲಿ ಫ್ರಾನ್ಸಿನಲ್ಲಿ ಸ್ಥಾಪನೆಯಾದ ಕ್ಲೂನಿ ಮಠದಲ್ಲಿ ಹಾಡಿಕೆ ಬೆಳೆಬೆಳೆದು ದಿನದ ಬಹುಭಾಗವನ್ನು ನುಂಗಿತು. ದುಡಿಮೆ ಹೆಸರಿಗೆ ಉಳಿಯಿತು. 1098ರಲ್ಲಿ ಸೀತೋ ಎಂಬಲ್ಲಿ ಆರಂಭವಾದ ಸಿಸ್ಟರ್ಸಿಯನ್ ಪಂಥ ಗುದ್ದಲಿಯನ್ನು ಮರಳಿ ಕೈಗೆತ್ತಿಕೊಂಡಿತು. ಆದರೆ ದೂರದ ಹೊಲಗಳ, ಕುರಿಮಂದೆಗಳ ಭಾರ ಬಿದ್ದದ್ದು ಶ್ರಮಸೋದರರೆಂಬ ಬೇರೊಂದು ವರ್ಗದ ಮೇಲೆ. ಅವರೂ ವ್ರತ ತೊಟ್ಟವರು, ಆದರೆ ಸಂನ್ಯಾಸಿಗಳಲ್ಲ. ಮಠಾಧಿಪತಿಯ ಆಯ್ಕೆಯಲ್ಲಿ ಅವರಿಗೆ ಮತವಿಲ್ಲ. ಅವರ ಕೈಗೆ ಪುಸ್ತಕ ಕೊಡಕೂಡದು. ಬಾಯಿಪಾಠವಾದ ಎರಡು ಮೂರು ಜಪಗಳಷ್ಟೇ ಅವರ ಪಾಲು. ಗಂಟೆಯಾದಾಗ ಮಂದಿರದೊಳಗೆ ಕೀರ್ತನೆ ನಡೆಯುತ್ತಿದ್ದರೆ ಅವರು ಹೊಲದಲ್ಲಿ ನಿಂತು ಏಸುಕ್ರಿಸ್ತ ಕಲಿಸಿದ ಪ್ರಾರ್ಥನೆಯನ್ನೇ ಮರಳಿ ಮರಳಿ ಹೇಳುತ್ತಿದ್ದರು. ದುಡಿಮೆಗೆ ಮರ್ಯಾದೆ ತರಹೊರಟ ಸುಧಾರಣೆ ದುಡಿಯುವವನಿಂದ ಅಕ್ಷರವನ್ನು ದೂರವಿಟ್ಟಿತಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಓದುಬಾರದವರು ಸುಮ್ಮನೆ ಕೂರಲಿಲ್ಲ. 150 ಕೀರ್ತನೆಗಳಿಗೆ ಬದಲಾಗಿ 150 ಜಪ ಮಾಡುವ ರೂಢಿ ಮಠದ ಹೊರಗೂ ಹಬ್ಬಿತು. ಲೆಕ್ಕಕ್ಕೆ ಗಂಟುಹಾಕಿದ ದಾರ, ಪೋಣಿಸಿದ ಮಣಿ. ಇಂಗ್ಲಿಷಿನಲ್ಲಿ ಮಣಿಗೆ ಇರುವ 'ಬೀಡ್' ಎಂಬ ಶಬ್ದದ ಮೂಲಾರ್ಥವೇ ಪ್ರಾರ್ಥನೆ ಎಂಬುದನ್ನು ಸಾಹಿತ್ಯಾಸಕ್ತರು ಗಮನಿಸಬೇಕು. ನಮ್ಮ ಕ್ಯಾಥೊಲಿಕ್ ಮನೆಗಳ ಜಪಸರ ಈ ವಂಶದ್ದೇ. ಐವತ್ತು ಮಣಿಗಳ ಮೂರು ಸುತ್ತು ಸೇರಿದರೆ 150. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಹೊಸ ಧ್ಯಾನಗಳ ಇನ್ನೊಂದು ಸುತ್ತನ್ನು ಸೇರಿಸುವ ತನಕ ಆ ಹಳೆಯ ಲೆಕ್ಕ ಉಳಿದಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆಯುವವರೆಗೆ ಕನ್ನಡನಾಡಿನಲ್ಲೂ ಬಲಿಪೂಜೆ ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ. ಅರ್ಥವಾಗದ ಆ ಮಂತ್ರಗಳ ಕೆಳಗೆ, ಅರ್ಥವಾಗುವ ಜಪವೊಂದು ಬೆರಳುಗಳ ನಡುವೆ ಸಾಗುತ್ತಿತ್ತು.

ಮಾರ್ಟಿನ್ ಲೂಥರನು ಮಠವನ್ನೂ ಮಣಿಯನ್ನೂ ನಿರಾಕರಿಸಿದವನು. ಹಳೆಯ ಪ್ರಶ್ನೆಯಿಂದ ಅವನಿಗೂ ಬಿಡುಗಡೆಯಾಗಲಿಲ್ಲ. ವಿಟನ್‌ಬರ್ಗಿನಲ್ಲಿ ಅವನಿಗೆ ಕ್ಷೌರ ಮಾಡುತ್ತಿದ್ದ ಪೀಟರ್, ತಾನು ಹೇಗೆ ಪ್ರಾರ್ಥಿಸಬೇಕೆಂದು ಕೇಳಿದ. ಲೂಥರ್ 1535ರಲ್ಲಿ ಅವನಿಗಾಗಿ ಚಿಕ್ಕದೊಂದು ಹೊತ್ತಿಗೆಯನ್ನೇ ಬರೆದುಕೊಟ್ಟ. ಅದರಲ್ಲಿ ಕ್ಷೌರಿಕನ ಕಸುಬನ್ನೇ ನಿದರ್ಶನವಾಗಿ ಎತ್ತಿಕೊಂಡಿದ್ದಾನೆ. ಕತ್ತಿ ಹಿಡಿದವನು ಕಣ್ಣನ್ನೂ ಮನಸ್ಸನ್ನೂ ಕೂದಲ ಮೇಲೆ ನೆಟ್ಟಿರಬೇಕು. ಹರಟುತ್ತ ಕೂತರೆ ಗಿರಾಕಿಯ ಮೂಗೋ ಕೊರಳೋ ಹೋದೀತು. ಪ್ರಾರ್ಥನೆಗೂ ಅಷ್ಟೇ ಎಚ್ಚರ ಬೇಕು. ಪಂಡಿತ ಪಾಮರನಿಗೆ ಪಾಠ ಹೇಳುವ ಧಾಟಿ ಇಲ್ಲಿಲ್ಲ. ಪಾಮರನ ಕೈಯ ಕುಶಲತೆಯಿಂದ ಪಂಡಿತನೇ ಕಲಿಯುತ್ತಾನೆ.

ಅದೇ ವರ್ಷ ಊಟದ ಹೊತ್ತಿನಲ್ಲಿ ಪೀಟರ್ ಕುಡಿದ ಅಮಲಿನಲ್ಲಿ ತನ್ನ ಅಳಿಯನನ್ನು ಇರಿದು ಕೊಂದ. ಮರಣದಂಡನೆಯಾಗಬೇಕಿತ್ತು. ಲೂಥರ್ ಮಧ್ಯೆ ಬಂದು ಅವನ ಪ್ರಾಣಕ್ಕಾಗಿ ಬೇಡಿಕೊಂಡ. ಶಿಕ್ಷೆ ಗಡೀಪಾರಿಗೆ ಇಳಿಯಿತು. ಹೊತ್ತಿಗೆಯ ಹೆಸರಿನಲ್ಲಿ, ಒಬ್ಬ ಒಳ್ಳೆಯ ಮಿತ್ರನಿಗಾಗಿ ಬರೆದದ್ದು ಎಂಬ ಮಾತು ಇಂದಿಗೂ ಇದೆ.