ಓಡದಿರುವ ಮರಿ: ಮಿದುಳಿನ ತಡೆಯ ಬಗೆಗಳು ಮತ್ತು ಮೈದನಹಳ್ಳಿಯ ಕೃಷ್ಣಮೃಗ

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ, ಕೊಡಿಗೇನಹಳ್ಳಿ ಕಡೆಯ ರೈತರ ಬಾಯಲ್ಲಿ ಕೃಷ್ಣಮೃಗವೂ ಜಿಂಕೆಯೇ. ಈ ಸೀಮೆಯ ಮೈದನಹಳ್ಳಿ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ವಿಸ್ತೀರ್ಣ ಸುಮಾರು 798 ಎಕರೆ. ಅಷ್ಟರೊಳಗೇ ಇರಬೇಕೆಂಬ ಕಟ್ಟುಪಾಡು ಜಿಂಕೆಗಳಿಗಿಲ್ಲ. ಸುತ್ತಲಿನ ಕಡಲೆಕಾಯಿ, ರಾಗಿ ಹೊಲಗಳಿಗೂ ಅವು ಇಳಿಯುತ್ತವೆ. ಈ ಪ್ರಾಣಿಯ ಹೆಸರು ಬಂದರೆ ಎಲ್ಲರೂ ಅದರ ಓಟವನ್ನೇ ಹೊಗಳುತ್ತಾರೆ. ಆದರೆ ಹುಟ್ಟಿದ ಮರಿಯ ಪ್ರಾಣ ಮೊದಲ ಕೆಲವು ವಾರ ಉಳಿಯುವುದು ಓಡದಿರುವುದರಿಂದ. ತಾಯಿ ಮೇಯಲು ದೂರ ಹೋದಾಗ ಮರಿ ಹುಲ್ಲಿನಲ್ಲಿ ಮೈ ಚಪ್ಪಟೆ ಮಾಡಿ ಅಲುಗದೆ ಮಲಗಿರುತ್ತದೆ. ತೋಳ, ನರಿ ಹತ್ತಿರ ಸುಳಿದರೂ ಏಳುವುದಿಲ್ಲ.

ಈ ಅಲುಗದಿರುವಿಕೆಯನ್ನು ಮರಿಯ ಅಸಹಾಯಕತೆ ಎಂದು ಓದುವುದು ವಾಡಿಕೆ. ಅದು ತಪ್ಪು ಓದು ಎಂಬುದು ನನ್ನ ವಾದ. ಇದು ಮಿದುಳು ಶ್ರಮವಹಿಸಿ ನಡೆಸುವ ತಡೆ. ಅಷ್ಟೇ ಅಲ್ಲ, ಪ್ರಯೋಗಾಲಯಗಳು ‘ತಡೆ’ ಎಂದು ಹೆಚ್ಚಾಗಿ ಅಳೆಯುತ್ತ ಬಂದಿರುವುದಕ್ಕಿಂತ ಬೇರೆ ಜಾತಿಯದು.

ಪ್ರಯೋಗಾಲಯದ ತಡೆಯನ್ನು ಮೊದಲು ನೋಡೋಣ. ಪರದೆಯ ಮೇಲೆ ಗುರುತು ಮೂಡಿದೊಡನೆ ಗುಂಡಿ ಒತ್ತಬೇಕು. ಆಗೀಗ ನಿಲ್ಲು ಎಂಬ ಸೂಚನೆ ಬಂದರೆ ಕೈಯನ್ನು ತಡೆಯಬೇಕು. ಗಾರ್ಡನ್ ಲೋಗನ್ ಮತ್ತು ವಿಲಿಯಂ ಕೋವನ್ 1984ರಲ್ಲಿ ಇದನ್ನು ಎರಡು ಪ್ರಕ್ರಿಯೆಗಳ ಓಟವೆಂದು ವಿವರಿಸಿದರು. ಹೊರಡುವ ಪ್ರಕ್ರಿಯೆ ಗೆದ್ದರೆ ಗುಂಡಿ ಒತ್ತಾಗುತ್ತದೆ, ನಿಲ್ಲುವ ಪ್ರಕ್ರಿಯೆ ಗೆದ್ದರೆ ಕೈ ಸುಮ್ಮನಿರುತ್ತದೆ. ಯಶಸ್ವಿಯಾದ ತಡೆಯಲ್ಲಿ ಕಣ್ಣಿಗೆ ಕಾಣುವ ಚಲನೆಯೇ ಇರುವುದಿಲ್ಲವಷ್ಟೆ. ಆಗದ್ದಕ್ಕೆ ಗಡಿಯಾರ ಹಿಡಿಯುವುದು ಹೇಗೆ? ಈ ಮಾದರಿಯ ಜಾಣತನವಿರುವುದು ಅಲ್ಲಿ. ವಿಫಲವಾದ ಯತ್ನಗಳ ಪ್ರಮಾಣದಿಂದ ನಿಲ್ಲುವ ಪ್ರಕ್ರಿಯೆಯ ಅವಧಿಯನ್ನು ಲೆಕ್ಕ ಹಾಕಬಹುದು. ಆರೋಗ್ಯವಂತ ವಯಸ್ಕರ ಕೈಗೆ ಅದು ಸುಮಾರು 200 ಮಿಲಿಸೆಕೆಂಡ್. ಸುಮಿತಾಶ್ ಜಾನಾ, ಆಡಮ್ ಏರನ್ ಮತ್ತು ಸಂಗಡಿಗರು 2020ರಲ್ಲಿ ಈ ಅವಧಿಯನ್ನು ಇನ್ನೂ ಬಿಡಿಸಿ ತೋರಿಸಿದರು. ಸೂಚನೆ ಬಂದ ಸುಮಾರು 120 ಮಿಲಿಸೆಕೆಂಡಿಗೆ ಮಿದುಳಿನ ಬಲ ಮುಂಭಾಗದಲ್ಲಿ ಬೀಟಾ ತರಂಗದ ಸ್ಫೋಟ, 140ರ ಹೊತ್ತಿಗೆ ಚಾಲಕ ಪ್ರದೇಶದ ಉದ್ರೇಕದಲ್ಲಿ ಇಳಿತ, 160ರ ಹೊತ್ತಿಗೆ ಸ್ನಾಯುವಿನ ವಿದ್ಯುತ್ ಚಟುವಟಿಕೆಯಲ್ಲಿ ಕುಸಿತ. ಬಲ ಮುಂಭಾಗದ ಕೆಳ ಮಡಿಕೆ ನಿಜವಾಗಿ ತಡೆಯುತ್ತದೆಯೋ, ಮುಖ್ಯ ಸೂಚನೆಯನ್ನು ಗುರುತಿಸುತ್ತದೆಯಷ್ಟೆಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆಳದಲ್ಲಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನ ಪಾತ್ರದ ಬಗ್ಗೆ ಒಪ್ಪಿಗೆ ಹೆಚ್ಚು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆದಿತ್ಯ ಮೂರ್ತಿ ಅವರ ಬಳಗ ಇದೇ ಪ್ರಶ್ನೆಯನ್ನು ಕಣ್ಣು ಮತ್ತು ಕೈಗಳ ಚಲನೆಯ ಮೂಲಕ ಕೆದಕಿದೆ. ಎರಡೂ ಜೊತೆಯಾಗಿ ಹೊರಟಾಗ ಅವುಗಳ ಹಿಂದೆ ಒಂದೇ ಆಜ್ಞೆ ಇರಬಹುದು, ಅದರಾಚೆಗೆ ಹಿಂತೆಗೆಯಲಾಗದ ಒಂದು ಹಂತವೂ ಇರಬಹುದು ಎಂಬುದು ಅತುಲ್ ಗೋಪಾಲ್ ಮತ್ತು ಮೂರ್ತಿಯವರ ಸೂಚನೆ. ಅದೇ ಆವರಣದ ಪರಿಸರ ವಿಜ್ಞಾನ ಕೇಂದ್ರದಲ್ಲಿ ಕವಿತಾ ಈಶ್ವರನ್ ಕೃಷ್ಣಮೃಗಗಳ ಗುಂಪಿನ ಗಾತ್ರ ಮತ್ತು ಕೂಡುವಿಕೆಯ ಪದ್ಧತಿಗಳನ್ನು ಅಧ್ಯಯನ ಮಾಡಿದ್ದಾರೆ. ಈ ಎರಡು ಓದುಗಳು ಒಂದೇ ಲೇಖನದಲ್ಲಿ ಎದುರಾಗುವುದು ಅಪರೂಪ, ಆಗಬೇಕಿತ್ತು.

ಈಗ ಹುಲ್ಲಿನಲ್ಲಿ ಮಲಗಿದ ಮರಿಗೆ ಬರೋಣ. ಅಲ್ಲಿ ಹೊರಟ ಕ್ರಿಯೆಯನ್ನು ರದ್ದು ಮಾಡುವ ಪ್ರಸಂಗವಿಲ್ಲ, ಕಾಲು ಮೇಲೇಳಲು ಬಿಡದೆ ಹಿಡಿದಿಡುವುದಿದೆ. ಅದೂ ಮಿಲಿಸೆಕೆಂಡುಗಳಲ್ಲಲ್ಲ, ನಿಮಿಷಗಟ್ಟಲೆ. ಅಮೆರಿಕದ ಬಿಳಿಬಾಲದ ಜಿಂಕೆಯ ಮರಿಗಳಲ್ಲಿ, ಯುರೋಪಿನ ಕೆಂಪು ಜಿಂಕೆಯ ಮರಿಗಳಲ್ಲಿ ಹೃದಯ ಬಡಿತ ಅಳೆದವರು ಕಂಡದ್ದು ವಿಚಿತ್ರ. ಅಪಾಯದ ಸುಳಿವು ಸಿಕ್ಕಾಗ ಎದೆ ಡವಗುಟ್ಟುವ ಬದಲು ಬಡಿತ ತಟ್ಟನೆ ಇಳಿಯುತ್ತದೆ. ಕೃಷ್ಣಮೃಗದ ಮರಿಯೂ ಅವುಗಳಂತೆ ಅಡಗುವ ಜಾತಿಯದೇ ಆದ್ದರಿಂದ ಸಾದೃಶ್ಯ ಬಲವಾಗಿದೆ. ಹೃದಯವನ್ನು ಹೀಗೆ ನಿಧಾನಗೊಳಿಸುವುದು ವೇಗಸ್ ನರ. ನರವೊಂದು ಕೆರಳಿದರೆ ಅಂಗ ನಿಲ್ಲಲೂಬಹುದು ಎಂದು ಲೋಕಕ್ಕೆ ಮೊದಲು ತೋರಿಸಿದ್ದೂ ಇದೇ ನರ, 1845ರಲ್ಲಿ, ಜರ್ಮನಿಯ ವೆಬರ್ ಸೋದರರ ಕೈಯಲ್ಲಿ. ನರವಿಜ್ಞಾನದಲ್ಲಿ ತಡೆಯ ಕಥೆ ಶುರುವಾದದ್ದು ಹೃದಯದಿಂದ. ಇಂದಿನ ಪಠ್ಯಗಳು ಮಿದುಳಿನ ಮುಂಭಾಗದಿಂದಲೇ ಆರಂಭಿಸುವಾಗ ಅದು ಮರೆತುಹೋಗುತ್ತದೆ.

ಇಲಿಗಳ ಮೇಲೆ ಬಾಸೆಲ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಕೆಲಸ ಈ ಅಲುಗದಿರುವಿಕೆಯ ಒಳಜೋಡಣೆಯನ್ನು ಬಿಡಿಸಿತು. ಭಯದ ಪ್ರತಿಕ್ರಿಯೆಯಲ್ಲಿ ಪಾತ್ರವಿರುವ ಅಮಿಗ್ಡಲದ ಕೇಂದ್ರ ಭಾಗದಿಂದ ಬರುವ ತಡೆನರಗಳು ನಡುಮಿದುಳಿನ ಬೂದುವಸ್ತುವಿನಲ್ಲಿರುವ ಮತ್ತೊಂದು ತಡೆನರಗಳ ಗುಂಪನ್ನು ಅಡಗಿಸುತ್ತವೆ. ಆಗ ಅವುಗಳ ಹಿಡಿತದಲ್ಲಿದ್ದ ಉದ್ರೇಕಕ ನರಕೋಶಗಳು ಸಡಿಲಗೊಂಡು ಮಿದುಳಿನ ಬುಡದ ಮೆಡುಲ್ಲಾಕ್ಕೆ ಆಜ್ಞೆ ಕಳಿಸುತ್ತವೆ. ದೇಹ ಸೆಟೆದು ನಿಲ್ಲುತ್ತದೆ. ಅಂದರೆ ತಡೆಯನ್ನು ತಡೆದಾಗ ಹುಟ್ಟುವ ಆಜ್ಞೆಯ ಫಲ ಈ ನಿಶ್ಚಲತೆ. ಚಟುವಟಿಕೆ ಬತ್ತಿದ್ದರಿಂದ ಬಂದದ್ದಲ್ಲ. ಇದಕ್ಕೆ ಮಿದುಳಿನ ಮುಂಭಾಗದ ತೊಗಟೆಯ ಅಪ್ಪಣೆ ಬೇಕೇಬೇಕೆಂದಿಲ್ಲ. ನೆದರ್ಲೆಂಡ್ಸಿನ ಕಾರಿನ್ ರೂಲೋಫ್ಸ್ ಮನುಷ್ಯರಲ್ಲೂ ಈ ಸ್ಥಿತಿಯನ್ನು ಗಮನಿಸಿ, ಇದು ಮುಂದಿನ ಕ್ರಿಯೆಗೆ ಸಿದ್ಧತೆ ಎನ್ನುತ್ತಾರೆ. ಚಾಲಕ ವ್ಯವಸ್ಥೆಗೆ ಬ್ರೇಕ್ ಬಿದ್ದಿರುತ್ತದೆ, ಇಂದ್ರಿಯಗಳು ಚುರುಕಾಗಿರುತ್ತವೆ.

ಬೆಳೆದ ಕೃಷ್ಣಮೃಗದಲ್ಲೂ ತಡೆ ಉಳಿಯುತ್ತದೆ, ಆದರೆ ಲೆಕ್ಕಾಚಾರದ ರೂಪದಲ್ಲಿ. ಹೊಲದಲ್ಲಿ ಟ್ರ್ಯಾಕ್ಟರ್ ಸದ್ದು ಮಾಡುತ್ತಿದ್ದರೂ ಮೇಯುತ್ತಲೇ ಇರುವ ಹಿಂಡು, ಚಾಲಕ ಇಳಿದು ನಡೆಯತೊಡಗಿದರೆ ಹಾರಿ ಓಡುತ್ತದೆ. ಯಾವ ಅಂತರದಲ್ಲಿ ಓಟ ಕೀಳಬೇಕೆಂಬುದು ಉಳಿಯುವುದರ ಮತ್ತು ಓಡುವುದರ ನಷ್ಟಗಳ ನಡುವಿನ ವ್ಯವಹಾರ ಎಂದು ಯಡೆನ್‌ಬರ್ಗ್ ಮತ್ತು ಡಿಲ್ 1986ರಲ್ಲೇ ವಾದಿಸಿದ್ದರು. ಗುಂಡಿ ಒತ್ತುವ ಪ್ರಯೋಗದಲ್ಲಿ ಈ ನಷ್ಟದ ಮಾತೇ ಬರುವುದಿಲ್ಲ. ನಿಲ್ಲು ಎನ್ನುವ ಸೂಚನೆ ಹೊರಗಿನಿಂದ ಬರುತ್ತದೆ, ತಪ್ಪಿದರೆ ಪ್ರಾಣವೇನೂ ಹೋಗುವುದಿಲ್ಲ. ಆ 200 ಮಿಲಿಸೆಕೆಂಡನ್ನು ಹಿಡಿದುಕೊಂಡು ಮನುಷ್ಯನ ಸಂಯಮದ ಬಗ್ಗೆಯೇ ತೀರ್ಮಾನ ಕೊಡುವ ಬರಹಗಳು ನನಗೆ ಅವಸರದವಾಗಿ ಕಾಣುತ್ತವೆ.

ತಡೆಯ ಬಗೆಗಳ ಈ ಭೇದಕ್ಕೆ ಹೊಲದಲ್ಲೂ ಬೆಲೆಯಿದೆ. ಕಳೆ ತೆಗೆಯುವಾಗ, ಕಡಲೆಕಾಯಿ ಕೀಳುವಾಗ ಸಾಲಿನ ನಡುವೆ ಒಂಟಿ ಮರಿ ಸಿಕ್ಕರೆ, ತಾಯಿ ಬಿಟ್ಟುಹೋಗಿದೆ ಎಂದು ಕನಿಕರಪಟ್ಟು ಎತ್ತಿಕೊಂಡು ಬರುವವರಿದ್ದಾರೆ. ಕೈಗೆ ಸಿಕ್ಕರೂ ಒದ್ದಾಡದ ಮರಿಯನ್ನು ಕಂಡವರು ಅದಕ್ಕೆ ಕಾಯಿಲೆ ಎಂದುಕೊಳ್ಳುವುದು ಸಹಜ. ತಾಯಿ ಸಾಮಾನ್ಯವಾಗಿ ಸ್ವಲ್ಪ ದೂರದಲ್ಲೇ ಇರುತ್ತದೆ. ಮರಿಯನ್ನು ಇದ್ದಲ್ಲೇ ಬಿಟ್ಟರೆ ಹಾಲೂಡಿಸಲು ಬರುತ್ತದೆ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಎತ್ತಿಕೊಂಡು ಬರುವುದು ಅಪರಾಧವೂ ಹೌದು. ಇನ್ನೊಂದು ತೊಡಕು: ಕಣ್ಣಿನಿಂದ ಹುಡುಕುವ ಬೇಟೆಗಾರನೆದುರು ಈ ತಡೆ ಕಾಪಾಡುತ್ತದೆ, ಉಳುವ ಟ್ರ್ಯಾಕ್ಟರಿನೆದುರು ಅದೇ ಕೊಲ್ಲುತ್ತದೆ.

ಕೆಂಪು ಜಿಂಕೆಯ ಮರಿಗಳಲ್ಲಿ ವಯಸ್ಸಿನೊಂದಿಗೆ ಅಡಗುವುದು ಕಡಿಮೆಯಾಗಿ ಓಟ ಮುಂದಾಗುತ್ತದೆ. ಮೈದನಹಳ್ಳಿಯಲ್ಲಿ ಈ ಹಂತಾಂತರವನ್ನು ಮರಿಯನ್ನು ಮುಟ್ಟದೆಯೇ ಅಳೆಯಬಹುದು. ವಯಸ್ಸನ್ನು ಅಂದಾಜಿಸಿದ ಮರಿಗಳತ್ತ ಒಬ್ಬರು ಒಂದೇ ವೇಗದಲ್ಲಿ ನಡೆದುಹೋಗಬೇಕು, ಮರಿ ಎದ್ದೋಡಿದ ಅಂತರವನ್ನು ಲೇಸರ್ ದೂರಮಾಪಕದಿಂದ ಗುರುತಿಸಬೇಕು, ಅದೇ ನಡಿಗೆಯನ್ನು ಟ್ರ್ಯಾಕ್ಟರಿನೊಂದಿಗೂ ಮಾಡಬೇಕು. ಅರಣ್ಯ ಇಲಾಖೆಯ ಅನುಮತಿ ಮತ್ತು ಊರಿನವರ ಕಣ್ಣು ಇದ್ದರೆ ಒಂದೆರಡು ಮರಿಹಾಕುವ ಹಂಗಾಮಿನಲ್ಲಿ ಆಗುವ ಕೆಲಸ. ಬಂದ ಅಂತರಗಳ ಮೇಲೆ, ಉಳುವ ಮುನ್ನ ಸಾಲುಗಳನ್ನು ಎಷ್ಟು ದೂರ ಮುಂದಾಗಿ ನಡೆದು ನೋಡಬೇಕು ಎಂಬ ಸೂಚನೆಯನ್ನು ರೈತರಿಗೆ ಕೊಡಬಹುದು.