ಮರ್ಫಾ ಮೇಳದ ಸ್ಟೀಲ್ ಬಿಂದಿಗೆ

ಹೈದರಾಬಾದಿನ ಹಳೇ ಊರಿನ ಮದುವೆ ಮೆರವಣಿಗೆಗೆ ಮರ್ಫಾ ಮೇಳವೇ ಕಳೆ. ಬ್ಯಾಂಡುಗಳಲ್ಲಿ ಸಿಂಬಲ್ ಮಾಡುವ ಕೆಲಸವನ್ನು ಇಲ್ಲಿ ಸ್ಟೀಲ್ ಬಿಂದಿಗೆ ಮಾಡುತ್ತದೆ.

ಈ ಮೇಳದ ಬೇರು ನಿಜಾಮರ ಸೈನ್ಯದಲ್ಲಿದೆ. ಯೆಮನ್ನಿನಿಂದ ಬಂದ ಅರಬ್ ಸಿಪಾಯಿಗಳು ನಗರದ ಬಾರ್ಕಸ್ ಬಡಾವಣೆಯಲ್ಲಿ ನೆಲೆನಿಂತರು. ಆಫ್ರಿಕಾ ಮೂಲದ ಸಿದ್ದಿಗಳದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಎಂಬ ಕುದುರೆ ಪಡೆ. ಅವರಿದ್ದ ಬಡಾವಣೆ ಇವತ್ತಿಗೂ ಎ.ಸಿ. ಗಾರ್ಡ್ಸ್. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಕುದುರೆಗಳು ಹೋದವು, ಅವರ ವಾದ್ಯಗಳು ಉಳಿದವು.

ಮೇಳದ ಮರ್ಫಾ, ಢೋಲು, ದಫ್ ವಾದ್ಯಗಳೆಲ್ಲವೂ ಚರ್ಮದವು. ಮಳೆಗಾಲದ ತೇವಕ್ಕೆ ಚರ್ಮ ಸಡಿಲಗೊಂಡು ದನಿ ಕುಗ್ಗುತ್ತದೆ. ಬೆಂಕಿಯ ಕಾವು ತೋರಿಸಿ ಬಿಗಿ ಮಾಡಬೇಕು. ಬಿಂದಿಗೆಗೆ ಆ ರಗಳೆಯಿಲ್ಲ. ಲಯ ಬಿರುಸಾದಾಗ ಅದರ ಬೆಲೆ ಗೊತ್ತಾಗುವುದು: ಕಂಚಿನ ದೊಡ್ಡ ಸಿಂಬಲ್ಲಿನ ನಾದ ಬೇಗ ಆರುವುದಿಲ್ಲ, ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ ಎಲ್ಲ ಕಲಸುಮೇಲೋಗರ. ಬಿಂದಿಗೆಯದು ಕಿಣಿ ಎಂದು ಮುಗಿಯುವ ಮೊನಚು ದನಿ. ಇಸ್ತಾಂಬುಲ್ ಮೂಲದ ಜಿಲ್ಜಿಯನ್ ಮನೆತನ 1623ರಿಂದ ಎರಕ ಹೊಯ್ಯುತ್ತ ಬಂದಿರುವ ತಾಮ್ರ-ತವರದ ಸಿಂಬಲ್ ಎಷ್ಟೇ ಶ್ರೇಷ್ಠವಿರಲಿ, ಈ ಗಲ್ಲಿಗಳ ಓಟಕ್ಕೆ ಪಾತ್ರೆ ಅಂಗಡಿಯ ಸರಕೇ ಸರಿ. ಮೇಲಾಗಿ ಅಗ್ಗ.

ಕರ್ನಾಟಕದ ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳಿಗೂ ಡಮಾಮಿ ಕುಣಿತವಿದೆ. ಆದರೆ ಅಲ್ಲಿ ಮುಂದಾಳು ಡಮಾಮ್ ಎಂಬ ಚರ್ಮವಾದ್ಯವೇ.