ಕಲ್ಲಿನ ಸೀಮೆಯ ಕುಡಿಯುವ ನೀರು

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವೆಂದೊಡನೆ ನಮ್ಮ ಶ್ರೋತೃಗಳಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿಯ ಶಿಲ್ಪಿಗಳ ಉಳಿಯ ಸದ್ದು. ದೂರದೂರದ ದೇವಾಲಯಗಳಿಗೆ ಮೂರ್ತಿಗಳನ್ನು ಕಡೆದು ಕೊಡುವ ಈ ಊರಿನ ಕೀರ್ತಿಯನ್ನು ಕುರಿತು ಅನೇಕರು ಬರೆದಿದ್ದಾರೆ. ನಾವು ಇಂದು ಹೇಳಹೊರಟಿರುವುದು ಮೂರ್ತಿಗಳ ವಿಚಾರವನ್ನಲ್ಲ. ದಿನವೆಲ್ಲ ಕಲ್ಲಿನ ಪುಡಿಯ ನಡುವೆ ಕುಳಿತು ಉಳಿ ಹಿಡಿದವನು ಮಧ್ಯಾಹ್ನ ಎದ್ದು ಒಂದು ಚೆಂಬು ನೀರನ್ನು ಎತ್ತಿ ಕುಡಿಯುತ್ತಾನಷ್ಟೆ. ಆ ಚೆಂಬಿನೊಳಗಿನ ನೀರು ಎಲ್ಲಿಂದ ಬಂದದ್ದು, ಅದನ್ನು ಒಳ್ಳೆಯದೆಂದು ತೀರ್ಮಾನಿಸಿದವರು ಯಾರು, ಎಂಬುದಕ್ಕೂ ಒಂದು ಚರಿತ್ರೆಯುಂಟು. ಅದು ಒಂದು ಊರಿನ ಚರಿತ್ರೆಯಲ್ಲ, ಕೋಲಾರ ಸೀಮೆಯ ಸಣ್ಣ ಊರುಗಳೆಲ್ಲದರ ಚರಿತ್ರೆ.

ಈ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಮುಂತಾದುವು ಇತ್ತ ಕಡೆಯಲ್ಲಿಯೇ ಹುಟ್ಟಿದರೂ ಮಳೆಗಾಲದ ಅತಿಥಿಗಳಂತೆ ಬಂದು ಪೂರ್ವಕ್ಕೆ ಇಳಿದುಹೋಗುತ್ತವೆ. ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರಿನ ಆಸುಪಾಸು. ಆದ ಕಾರಣ ಇಲ್ಲಿಯ ಹಿರಿಯರು ಆಕಾಶದ ನೀರನ್ನು ನೆಲದ ಮೇಲೆ ತಡೆದು ನಿಲ್ಲಿಸುವುದನ್ನೇ ಬಾಳಿನ ಉಪಾಯವನ್ನಾಗಿ ಮಾಡಿಕೊಂಡರು. ಒಂದು ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದರ ಕೋಡಿಯಿಂದ ಮತ್ತೊಂದಕ್ಕೆ, ಹೀಗೆ ಸರಪಳಿಯಾಗಿ ಹೆಣೆದ ಕೆರೆಗಳು ಜಿಲ್ಲೆಯಲ್ಲಿ ಸಾವಿರಗಟ್ಟಲೆ ಇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು ಈ ದೇಶವನ್ನೆಲ್ಲ ಸುತ್ತಿ ನೋಡಿ, ಇಲ್ಲಿ ಹೊಸದಾಗಿ ಒಂದು ಕೆರೆ ಕಟ್ಟಲು ಜಾಗ ಹುಡುಕಬೇಕಾದರೆ ಬಹಳ ಜಾಣ್ಮೆ ಬೇಕಾದೀತೆಂಬ ಅಭಿಪ್ರಾಯವನ್ನು ಬರೆದಿಟ್ಟರು. ಎಂಜಿನಿಯರುಗಳು ಪೂರ್ವಿಕರನ್ನು ಹೊಗಳುವುದು ಅಪರೂಪ. ಅದಕ್ಕಾಗಿಯೇ ಈ ಮಾತು ನಮಗೆ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಕೆರೆ ಕಟ್ಟುವುದು ಕೇವಲ ಪುಣ್ಯಕಾರ್ಯವಾಗಿರಲಿಲ್ಲ, ಅದೊಂದು ಶಾಸ್ತ್ರವೂ ಆಗಿತ್ತು. ಕಡಪಾ ಪ್ರಾಂತದ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು 1369ರಲ್ಲಿ ಹಾಕಿಸಿದ ಶಾಸನವೊಂದು ಇದಕ್ಕೆ ಸಾಕ್ಷಿ. ಸಾವಿರ ಜನ ಆಳುಗಳು ಎರಡು ವರ್ಷ ದುಡಿದು ಆ ಕೆರೆಯನ್ನು ಮುಗಿಸಿದರೆಂದು ಅದು ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಎಣಿಸುತ್ತದೆ. ಅಂಗಗಳಲ್ಲಿ ಸಿಹಿನೀರಿನ ಹೊಳೆಯೂ ಒಂದು. ದೋಷಗಳಲ್ಲಿ ಚೌಳು ನೆಲವೂ ಒಂದು. ದೋಷಗಳ ಪಟ್ಟಿಯಲ್ಲಿ ಇನ್ನೊಂದಿದೆ: ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು. ಮಣ್ಣು, ಕಲ್ಲು, ಇಳಿಜಾರುಗಳ ಲೆಕ್ಕದ ನಡುವೆ ಈ ರಾಜಕೀಯದ ದೋಷವನ್ನೂ ಸೇರಿಸಿದ ಪಂಡಿತನ ದೂರದೃಷ್ಟಿಯನ್ನು ಶ್ರೋತೃಗಳು ಸ್ವಲ್ಪ ಹೊತ್ತು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಈ ಮಾತಿಗೆ ನಾವು ಮತ್ತೆ ಬರುತ್ತೇವೆ.

ಕೆರೆಯ ನೀರನ್ನು ಜನರು ಸಾಮಾನ್ಯವಾಗಿ ನೇರವಾಗಿ ಕುಡಿಯುತ್ತಿರಲಿಲ್ಲ. ಕೆರೆ ಗದ್ದೆಗೆ, ದನಕರುಗಳಿಗೆ, ಮಡಿವಾಳನ ಬಂಡೆಗೆ. ಕುಡಿಯುವುದಕ್ಕೆ ಏರಿಯ ಕೆಳಗೋ ಊರಿನ ನಡುವೆಯೋ ತೋಡಿದ ಸಿಹಿನೀರಿನ ಬಾವಿ, ದೇವಸ್ಥಾನದ ಮುಂದೆ ಕಲ್ಯಾಣಿ. ಕೆರೆಯಲ್ಲಿ ನಿಂತ ನೀರು ಮಣ್ಣಿನಲ್ಲಿ ಇಳಿದು, ಸೋಸಿ, ಬಾವಿಯಲ್ಲಿ ತಿಳಿಯಾಗಿ ಒಸರುತ್ತಿತ್ತು. ಇದಕ್ಕಿಂತ ಅಗ್ಗದ ಶೋಧಕಯಂತ್ರವನ್ನು ಆಮೇಲೆ ಯಾರೂ ಕಂಡುಹಿಡಿದಿಲ್ಲ. ತೂಬನ್ನು ಎತ್ತಿ ಇಳಿಸುವ ನೀರುಗಂಟಿ, ಬೇಸಗೆಯಲ್ಲಿ ಹೂಳೆತ್ತುವ ಊರಿನ ಜನ, ಇವರಿಬ್ಬರೂ ಇದ್ದಷ್ಟು ಕಾಲ ಆ ಯಂತ್ರ ನಡೆಯಿತು.

ಹಾಗೆಂದು ಆ ಕಾಲವನ್ನು ನಾವು ಸುವರ್ಣಯುಗವೆಂದು ವರ್ಣಿಸಲಾರೆವು. ಊರಿನ ಸಿಹಿನೀರಿನ ಬಾವಿ ಊರಿನವರೆಲ್ಲರದ್ದಾಗಿರಲಿಲ್ಲ. ಯಾರ ಕೊಡ ಬಾವಿಯ ಕಟ್ಟೆಯ ಮೇಲೆ ಕೂಡಬಹುದು, ಯಾರು ದೂರದಲ್ಲಿ ನಿಂತು ಇನ್ನೊಬ್ಬರು ಹೊಯ್ಯುವ ತನಕ ಕಾಯಬೇಕು, ಯಾರು ದನಗಳಿಳಿದ ಕುಂಟೆಯ ನೀರಿಗೇ ತೃಪ್ತರಾಗಬೇಕು ಎಂಬುದನ್ನು ಜಾತಿ ನಿಶ್ಚಯಿಸುತ್ತಿತ್ತು. ನೀರಿನ ಶುದ್ಧಿಯ ಚರಿತ್ರೆಯನ್ನು ಬರೆಯುವವರು ಈ ಅಧ್ಯಾಯವನ್ನು ಬಿಟ್ಟು ಬರೆದರೆ ಅದು ಅರ್ಧ ಚರಿತ್ರೆ. ನೀರು ಮುಟ್ಟಿದರೆ ಮೈಲಿಗೆಯಾಗುತ್ತದೆಂದು ನಂಬಿದ ಸಮಾಜಕ್ಕೆ, ನೀರೊಳಗೆ ನಿಜವಾಗಿ ಇದ್ದ ಕೊಳೆ ಯಾವುದೆಂಬುದು ಬಹುಕಾಲ ತಿಳಿದಿರಲಿಲ್ಲ.

ತಿಳಿಯುವುದಾದರೂ ಹೇಗೆ? ಹಿಂದಿನವರ ಬಳಿ ಇದ್ದ ಪರೀಕ್ಷಕರು ಮೂವರು: ಕಣ್ಣು, ನಾಲಿಗೆ ಮತ್ತು ಒಲೆಯ ಮೇಲಿನ ಬೇಳೆ. ನೀರು ತಿಳಿಯಾಗಿರಬೇಕು, ಸವಳು ಇರಕೂಡದು, ಬೇಳೆ ಬೇಗ ಬೇಯಬೇಕು. ಈ ಮೂರನೆಯ ಪರೀಕ್ಷೆಯನ್ನು ನಮ್ಮ ಮನೆಗಳ ಹೆಂಗಸರು ಇಂದಿಗೂ ಬಿಟ್ಟಿಲ್ಲ. ಹೊಸ ಬಾವಿಯ ನೀರು ಬಂದಾಗ ಮೊದಲು ಕೇಳುವುದು, ಅದರಲ್ಲಿ ಬೇಳೆ ಬೇಯುತ್ತದೆಯೇ ಎಂದು. ಪರೀಕ್ಷೆ ತಕ್ಕಮಟ್ಟಿಗೆ ಸರಿಯಾದದ್ದೇ. ಸುಣ್ಣದ ಅಂಶ ಹೆಚ್ಚಾದ ಗಡಸು ನೀರಿನಲ್ಲಿ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಆದರೆ ಕಾಲರಾ ಬಂದ ವರ್ಷ ಈ ಮೂವರು ಪರೀಕ್ಷಕರೂ ಮೌನವಾಗಿಬಿಡುತ್ತಿದ್ದರು. ತಿಳಿಯಾದ, ಸಿಹಿಯಾದ, ಬೇಳೆ ಬೇಯಿಸುವ ನೀರೇ ಮನೆಮನೆಯನ್ನು ಬರಿದುಮಾಡುತ್ತಿತ್ತು. 1884ರಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಕೋಕ್ ಕಲ್ಕತ್ತೆಯ ಒಂದು ಕೊಳದ ನೀರಿನಲ್ಲಿಯೇ ಈ ರೋಗದ ಸೂಕ್ಷ್ಮಜೀವಿಯನ್ನು ಗುರುತಿಸಿದನು. ಕಣ್ಣಿಗೆ ಕಾಣದ ವಸ್ತುವಿನಿಂದ ನೀರು ಕೆಡುತ್ತದೆಂಬ ಸತ್ಯ ಅಂದಿನಿಂದ ಸ್ಥಿರಪಟ್ಟಿತು.

ಇನ್ನು ನಾರುಹುಣ್ಣು. ಮೆಟ್ಟಿಲಿಳಿದು ಕಾಲದ್ದಿ ನೀರು ತುಂಬುವ ಬಾವಿಗಳೇ ಇದರ ತವರು. ರೋಗಿಯ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗಿಳಿಯುತ್ತವೆ. ಒಂದು ಸಣ್ಣ ಜಲಜಂತು ಅವನ್ನು ನುಂಗುತ್ತದೆ. ಆ ಜಂತುವನ್ನು ನೀರಿನೊಡನೆ ಕುಡಿದವನ ಮೈಯಲ್ಲಿ ವರ್ಷದೊಳಗೆ ಗಜದುದ್ದದ ನೂಲುಹುಳು ಬೆಳೆದು ಹೊರಬರುತ್ತದೆ. ಭಾರತದಲ್ಲಿ ಇದು ನೆಲೆಸಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಇದಕ್ಕೆ ಲಸಿಕೆಯೂ ಇರಲಿಲ್ಲ, ಔಷಧವೂ ಇರಲಿಲ್ಲ. ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳಾಗಿ ಮಾರ್ಪಡಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರೆಂದು ಮನೆಮನೆಗೆ ಹೇಳಿ ಈ ರೋಗವನ್ನು ಓಡಿಸಲಾಯಿತು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ ರಾಜಸ್ಥಾನದಲ್ಲಿ. 2000ದಲ್ಲಿ ಭಾರತವು ಇದರಿಂದ ಮುಕ್ತವೆಂದು ಘೋಷಣೆಯಾಯಿತು. ಒಂದು ತುಂಡು ಬಟ್ಟೆಯಿಂದ ಸಾಧಿಸಿದ ಈ ಜಯಕ್ಕೆ ಸಲ್ಲಬೇಕಾದ ಪ್ರಶಂಸೆ ಸಂದಿಲ್ಲವೆಂದು ನಮ್ಮ ಭಾವನೆ.

ನಗರಗಳಿಗೆ ನಲ್ಲಿ ಬೇಗ ಬಂದಿತು. ಹೆಸರಘಟ್ಟದ ನೀರು 1896ರಲ್ಲಿ ಬೆಂಗಳೂರನ್ನು ಮುಟ್ಟಿತು. ಚಿನ್ನದ ಗಣಿಗಳಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇತಮಂಗಲದಿಂದ ಪಾಲಾರಿನ ನೀರನ್ನು ಪಂಪು ಮಾಡಿ ಒದಗಿಸಿದರು. ಅದೇ ಕೋಲಾರ ಸೀಮೆಯ ಮಿಕ್ಕ ಊರುಗಳು ತಮ್ಮ ಹಳೆಯ ಬಾವಿಗಳ ಕಟ್ಟೆಯ ಬಳಿಯಲ್ಲೇ ಕಾಯುತ್ತ ನಿಂತವು. ಚಿನ್ನವಿದ್ದೆಡೆಗೆ ನೀರು ಹತ್ತಿ ಹೋಗುತ್ತದೆ ಎಂದು ಯಾರಾದರೂ ಕುಚೋದ್ಯ ಮಾಡಿದರೆ ನಾವು ಆಕ್ಷೇಪಿಸಲಾರೆವು.

ಈಗ ಗಡಿಯ ದೋಷದ ವಿಚಾರ. 1892ರಲ್ಲಿ ಮದರಾಸು ಮತ್ತು ಮೈಸೂರು ಸರಕಾರಗಳ ನಡುವೆ ಒಂದು ಒಪ್ಪಂದವಾಯಿತು. ಅದರಲ್ಲಿ ಹೆಸರಿಸಿದ ನದಿಗಳ ಮೇಲೆ ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಕಟ್ಟೆಗಳನ್ನು ಕಟ್ಟಕೂಡದು. ಆ ಪಟ್ಟಿಯಲ್ಲಿ ಪಾಲಾರ್ ಇದೆ, ದಕ್ಷಿಣ ಪಿನಾಕಿನಿಯಿದೆ. ಅಂದರೆ ಕೋಲಾರದಲ್ಲಿ ಹರಿಯುವ ನೀರಿನ ಬಹುಭಾಗ ಅದರೊಳಗೆ ಬಿದ್ದಿತು. ಕೆಳಗಿನ ರೈತನ ಹಕ್ಕನ್ನು ಕಾಯುವುದು ನ್ಯಾಯವೇ. ಆದರೆ ಆ ಕಾಗದದ ನೆರಳು ನೂರು ವರ್ಷಗಳನ್ನು ದಾಟಿ ಚಾಚಿಕೊಂಡಿತು. ಕೋಲಾರ, ಮಾಲೂರು, ಬಂಗಾರಪೇಟೆಗಳಿಗೆ ಕುಡಿಯುವ ನೀರೊದಗಿಸಲು ಬಂಗಾರಪೇಟೆ ತಾಲ್ಲೂಕಿನ ಯರಗೋಳಿನಲ್ಲಿ, ದಕ್ಷಿಣ ಪಿನಾಕಿನಿಯ ಉಪನದಿಯಾದ ಮಾರ್ಕಂಡೇಯಕ್ಕೆ, ಸುಮಾರು ಅರ್ಧ ಟಿ.ಎಂ.ಸಿ. ನೀರಿನ ಒಂದು ಅಣೆಕಟ್ಟು ಕಟ್ಟಹೊರಟಾಗ ತಮಿಳುನಾಡು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2019ರ ನವೆಂಬರಿನಲ್ಲಿ ತಡೆಯಾಜ್ಞೆಯ ಕೋರಿಕೆ ತಿರಸ್ಕೃತವಾಯಿತು. 2023ರಲ್ಲಿ ಅಣೆಕಟ್ಟು ಉದ್ಘಾಟನೆಯಾಯಿತು. ಪೋರುಮಾಮಿಳ್ಳದ ಪಂಡಿತನು ಇದನ್ನು ಕೇಳಿದ್ದರೆ, ಹೇಳಿದ್ದೆನಲ್ಲ ಎಂದು ನಗುತ್ತಿದ್ದನೇನೋ.

ಈ ನಡುವೆ ಜನರು ಹೊಳೆಗೂ ಕೆರೆಗೂ ಕಾಯದೆ ನೆಲದ ಒಳಕ್ಕೆ ಇಳಿದರು. 1966-67ರ ಬರಗಾಲದ ಬಳಿಕ ಗಟ್ಟಿ ಬಂಡೆಯನ್ನು ಗಾಳಿಯ ಒತ್ತಡದಿಂದ ಕೊರೆಯುವ ಯಂತ್ರಗಳು ಯುನಿಸೆಫ್ ಸಂಸ್ಥೆಯ ಸಹಾಯದಿಂದ ದೇಶಕ್ಕೆ ಬಂದವು. 1970ರ ದಶಕದಲ್ಲಿ ಇಂಡಿಯಾ ಮಾರ್ಕ್ 2 ಎಂಬ ಕೈಪಂಪು ತಯಾರಾಯಿತು. ಕೊಳವೆಬಾವಿಯ ಉದ್ದೇಶ ಪವಿತ್ರವಾದದ್ದು: ಕಾಲರಾದ ಕ್ರಿಮಿ, ನಾರುಹುಣ್ಣಿನ ಹುಳು ಮುಟ್ಟಲಾರದ ಆಳದಿಂದ ನೀರನ್ನೆತ್ತಬೇಕು, ಯಾವ ಜಾತಿಯ ಕೈಯಾದರೂ ಅದನ್ನು ಒತ್ತಬಹುದು. ಉದ್ದೇಶ ಬಹುಮಟ್ಟಿಗೆ ನೆರವೇರಿತು ಕೂಡ. ಆದರೆ ಕುಡಿಯುವುದಕ್ಕೆಂದು ಬಂದ ಯಂತ್ರ ಬೇಸಾಯಕ್ಕೂ ಇಳಿಯಿತು. ಹಿಪ್ಪುನೇರಳೆ, ಟೊಮ್ಯಾಟೊ, ತರಕಾರಿ ಎಲ್ಲವೂ ಕೊಳವೆಯ ನೀರನ್ನು ಕೇಳಿದವು. ಬೆದ್ದಲುಗಳನ್ನು ನೀಲಗಿರಿ ತೋಪುಗಳು ಆವರಿಸಿದವು. ಕೆರೆ ಯಾರಿಗೂ ಬೇಡವಾಯಿತು, ಹೂಳು ತುಂಬಿತು, ನೀರುಗಂಟಿಯ ಕೆಲಸ ತಪ್ಪಿತು. ನೂರಿನ್ನೂರು ಅಡಿಗೆ ಸಿಗುತ್ತಿದ್ದ ನೀರು ಸಾವಿರ ಅಡಿಯನ್ನೂ ಮೀರಿ ಕೆಳಗಿಳಿಯಿತು.

ಅಲ್ಲಿ, ಆ ಆಳದಲ್ಲಿ, ಕಲ್ಲು ತನ್ನ ಪಾಲನ್ನು ನೀರಿಗೆ ಸೇರಿಸಿ ಕಾದಿತ್ತು.

ನಮ್ಮ ಕಣಶಿಲೆಗಳಲ್ಲಿ ಕಾಗೆಬಂಗಾರದ ಜಾತಿಯ ಖನಿಜಗಳೂ ಅಪಟೈಟ್ ಮುಂತಾದುವೂ ಇವೆ. ಇವುಗಳೊಳಗೆ ಫ್ಲೋರೈಡ್ ಅಡಗಿದೆ. ಮೇಲಿನ ಬಾವಿಯ ನೀರು ಮಳೆಯಿಂದ ಮಳೆಗೆ ಹೊಸದಾಗುತ್ತದೆ. ಆಳದ ಬಿರುಕುಗಳ ನೀರಾದರೋ ದೀರ್ಘಕಾಲ ಬಂಡೆಗೆ ಅಂಟಿಕೊಂಡೇ ಇದ್ದು ಅದರ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಭಾರತದಲ್ಲಿ ಇದರ ರೋಗವನ್ನು ಮೊದಲು ವಿವರವಾಗಿ ವರ್ಣಿಸಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಮ್ ಇದ್ದರೆ ಒಪ್ಪತಕ್ಕದ್ದು, ಬೇರೆ ನೀರಿಲ್ಲದಾಗ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಹಲ್ಲು ಬಲಿಯುವ ವಯಸ್ಸಿನ ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಸುಣ್ಣದ ಚುಕ್ಕೆ, ಕಂದುಪಟ್ಟೆ ಬರುತ್ತವೆ. ಇನ್ನೂ ಹೆಚ್ಚಿದ್ದು ಹತ್ತಾರು ವರ್ಷ ಕುಡಿದರೆ ಕೀಲುಗಳು ಬಿಗಿದು ಬೆನ್ನು ಬಗ್ಗದಾಗುತ್ತದೆ. ಕೋಲಾರ ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿಗಳಲ್ಲಿ ಈ ಮೇರೆ ಮೀರಿದೆ.

ಇದರಲ್ಲಿ ಹಳೆಯ ಪರೀಕ್ಷಕರು ಸೋತದ್ದಷ್ಟೇ ಅಲ್ಲ, ದಾರಿಯನ್ನೂ ತಪ್ಪಿಸಿದರು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ಸುಣ್ಣದ ಅಂಶ ಹೆಚ್ಚಿದ್ದ ನೀರಿನಲ್ಲಿ ಅದು ಸುಣ್ಣದೊಡನೆ ಕೂಡಿ ಕೆಳಗೆ ಕೂತುಬಿಡುವುದುಂಟು. ಸುಣ್ಣ ಕಡಮೆಯಾಗಿ ಸೋಡಾದ ಅಂಶ ಹೆಚ್ಚಿದ ಮೆತುನೀರಿನಲ್ಲಿ ಧಾರಾಳವಾಗಿ ಉಳಿಯುತ್ತದೆ. ಅಂದರೆ ಬೇಳೆ ಚೆನ್ನಾಗಿ ಬೇಯುವ ನೀರೇ ಅನೇಕ ವೇಳೆ ಹೆಚ್ಚು ಅಪಾಯದ್ದು. ಕಾಯಿಸಿ ಕುಡಿಯಿರೆಂಬ ವೈದ್ಯರ ಹಿತವಚನ ಕಾಲರಾಕ್ಕೆ ರಾಮಬಾಣ. ಇಲ್ಲಿ ಕುದಿಸಿದಷ್ಟೂ ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನಷ್ಟು ದಟ್ಟವಾಗುತ್ತದೆ. ತಾಯಂದಿರು ತಲೆಮಾರುಗಳಿಂದ ಕಲಿತ ಎಚ್ಚರಿಕೆಯೆಲ್ಲ ಹೀಗೆ ತಲೆಕೆಳಗಾದುದನ್ನು ನೆನೆದರೆ ಮನಸ್ಸಿಗೆ ವ್ಯಥೆಯಾಗುತ್ತದೆ.

ಪರಿಹಾರಗಳನ್ನು ಹುಡುಕದೆ ಇರಲಿಲ್ಲ. 1970ರ ದಶಕದಲ್ಲಿ ನಾಗಪುರದ ಸಂಶೋಧಕರು ಸುಣ್ಣ ಮತ್ತು ಪಟಿಕದಿಂದ ಫ್ಲೋರೈಡನ್ನು ಇಳಿಸುವ ನಲ್ಗೊಂಡ ವಿಧಾನವನ್ನು ರೂಪಿಸಿದರು. ಆಮೇಲೆ ಬಂದದ್ದು ಊರೂರಿನ ಶುದ್ಧ ಕುಡಿಯುವ ನೀರಿನ ಘಟಕ: ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಹಾಯಿಸುವ ಈ ಯಂತ್ರ ಫ್ಲೋರೈಡನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ತಡೆದದ್ದು ಎಲ್ಲಿಗೂ ಮಾಯವಾಗುವುದಿಲ್ಲ. ಒಳಬಂದ ನೀರಿನ ಒಂದು ಭಾಗ ಆ ದೋಷವನ್ನೆಲ್ಲ ಹೊತ್ತು ಹಿಂದಿನ ಚರಂಡಿಗೆ ಹರಿದು ಮತ್ತೆ ಅದೇ ನೆಲಕ್ಕೆ ಇಳಿಯುತ್ತದೆ. ಪೊರೆಯನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ ಫಲಕದ ಮೇಲಿನ ಹೆಸರೊಂದೇ ಶುದ್ಧವಾಗಿ ಉಳಿಯುವುದು.

ಬತ್ತಿದ ಕೆರೆಗಳನ್ನು ತುಂಬುವ ಯೋಜನೆಯೂ ಬಂದಿತು. ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನಷ್ಟನ್ನು ಕೋಲಾರ ಸೀಮೆಯ 126 ಕೆರೆಗಳಿಗೆ ಹರಿಸುವುದು ಸಂಕಲ್ಪ. 2018ರ ಜೂನಿನಲ್ಲಿ ಲಕ್ಷ್ಮೀಸಾಗರದ ಕೆರೆಗೆ ಮೊದಲ ನೀರು ಬಂದಾಗ ಜನ ಹರ್ಷಿಸಿದರು. ಮರುತಿಂಗಳೇ ನೊರೆ ಕಂಡು ಗಾಬರಿಯಾದರು. ಮೊಕದ್ದಮೆ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ತಡೆ ಬಿದ್ದು, ತೆರವಾಗಿ, ನೀರು ಮತ್ತೆ ಹರಿಯಿತು. ಕೊಳವೆಬಾವಿಗಳಲ್ಲಿ ನೀರು ಮೇಲೇರಿದ್ದು ಸತ್ಯ. ಆ ನೀರು ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ್ದು, ಮೂರನೆಯ ಹಂತವೂ ಬೇಕೆಂದು ಹೋರಾಟಗಾರರು ವಾದಿಸಿದ್ದೂ ಅಷ್ಟೇ ಸತ್ಯ. ನಮ್ಮ ಅಭಿಪ್ರಾಯವನ್ನು ಕೇಳುವುದಾದರೆ, ಮಹಾನಗರವು ಬಳಸಿ ಬಿಟ್ಟ ನೀರನ್ನು ಹಳ್ಳಿಯ ಏರಿಯ ಹಿಂದೆ ನಿಲ್ಲಿಸುವಾಗ, ಏರಿಯ ಕೆಳಗೆ ಇನ್ನೂ ಸೇದುವ ಬಾವಿಗಳುಂಟೆಂಬುದನ್ನು ಮೊದಲು ಎಣಿಸಬೇಕಾಗಿತ್ತು. ಮಣ್ಣು ಕೆಸರನ್ನು ಸೋಸೀತು. ನಗರದ ರಸಾಯನಗಳನ್ನೆಲ್ಲ ಸೋಸೀತೆಂದು ಯಾರೂ ಮುಚ್ಚಳಿಕೆ ಬರೆದುಕೊಟ್ಟಿಲ್ಲ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಯೋಜನೆ ಹಳ್ಳಿಯ ಪ್ರತಿ ಮನೆಗೂ ನಲ್ಲಿಯನ್ನೂ, ತಲೆಗೆ ದಿನಕ್ಕೆ 55 ಲೀಟರನ್ನೂ ವಾಗ್ದಾನ ಮಾಡಿತು. ನಲ್ಲಿಯ ಹಿಂದೆ ಇರುವುದು ಕೊಳವೆಬಾವಿಯೇ ಆದಲ್ಲಿ, ಬಂಡೆಯ ನೀರೇ ಮನೆಯೊಳಕ್ಕೆ ಬರುತ್ತದೆ. ಪಶ್ಚಿಮಘಟ್ಟದ ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ತರುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಚಾಲನೆ ಕೊಟ್ಟರು. ಕೋಲಾರವಿರುವುದು ಆ ಕಾಲುವೆಯ ಕಟ್ಟಕಡೆಯ ತುದಿಯಲ್ಲಿ. ಮೇಲಿನವರೆಲ್ಲರ ಕೊಡ ತುಂಬಿದ ಮೇಲೆ ಕಡೆಯವನ ಸರದಿ ಎಂಬುದು ಬಾವಿಕಟ್ಟೆಯಿಂದ ಕಾಲುವೆಯವರೆಗೆ ಬದಲಾಗದೆ ಬಂದಿರುವ ನಿಯಮ. ಅಲ್ಲಿಯವರೆಗೆ ಶಿವಾರಪಟ್ಟಣದಂತಹ ಊರುಗಳಲ್ಲಿ ಕೆಲಸಕ್ಕೆ ಕುಳಿತವನ ಪಕ್ಕದಲ್ಲಿ ಉಳಿ, ಸುತ್ತಿಗೆ, ಅರ್ಧ ಮೂಡಿದ ಮೂರ್ತಿ, ಅದರ ಪಕ್ಕದಲ್ಲಿ ಪುಡಿ ಬೀಳದಂತೆ ಮುಚ್ಚಿಟ್ಟ ನೀರಿನ ಕ್ಯಾನು.